ಮುಪ್ಪಿನ ಮಂಕು ಮತ್ತು ಥೈರಾಯ್ಡ್ ಗುಳಿಗೆ

ಊರಿನಿಂದ ವೃದ್ಧ ತಂದೆತಾಯಿಗಳನ್ನು ಕರೆತಂದು ಇಟ್ಟುಕೊಂಡಿರುವ ಬಂಧುಗಳು ನಮ್ಮಲ್ಲಿ ಅನೇಕರಿದ್ದಾರೆ. "ಅಮ್ಮ ಮೊದಲಿನಂತಿಲ್ಲ, ಮಾತು ಕಡಮೆ, ಮೂಲೆ ಹಿಡಿದು ಕೂತುಬಿಡುತ್ತಾಳೆ" ಎಂಬ ಮಾತು ವಾಚನಾಲಯದಲ್ಲಿ ಆಗಾಗ ಕೇಳಿಬರುವುದುಂಟು. ಪರಸ್ಥಳ, ನೆರೆಯವರ ಭಾಷೆ ತಿಳಿಯದು. ಮನಸ್ಸು ಕುಗ್ಗುವುದು ಸಹಜವೇ. ಆದರೆ ಕೆಲವು ಸಲ ಅದರ ಮೂಲ ಕೊರಳಿನಲ್ಲಿರುತ್ತದೆ.

ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿಯಿದೆ. ಅದು ರಕ್ತಕ್ಕೆ ಬಿಡುವ ಹಾರ್ಮೋನು ಸಾಕಷ್ಟಿದ್ದರೆ ಹೃದಯ, ಕರುಳು, ಮಿದುಳು ತಕ್ಕ ವೇಗದಲ್ಲಿ ನಡೆಯುವುವು. ಅದು ಕಡಮೆಯಾದರೆ ಚಳಿ ತಡೆಯಲಾಗದು, ಚರ್ಮ ಒಣಗುವುದು, ದನಿ ಗೊಗ್ಗರಾಗುವುದು, ಮಲಬದ್ಧತೆ, ಮರೆವು, ಜಡತೆ, ಖಿನ್ನತೆ ತೋರುವುವು. ಇವನ್ನೆಲ್ಲ ನಾವು "ವಯಸ್ಸಾಯಿತು" ಎಂಬ ಒಂದೇ ಲೆಕ್ಕಕ್ಕೆ ಬರೆದುಬಿಡುತ್ತೇವೆ.

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಜಾರ್ಜ್ ಮರೆ ಎಂಬ ವೈದ್ಯರು ಹೀಗೆ ಜಡವಾಗಿದ್ದ 46 ವಯಸ್ಸಿನ ಹೆಂಗಸಿಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು, ಆ ಔಷಧದ ಬಲದಿಂದ 1919ರವರೆಗೆ ಬದುಕಿದಳು. 1949ರಲ್ಲಿ ರಿಚರ್ಡ್ ಆಶರ್ ಎಂಬ ವೈದ್ಯರು, ಈ ಕೊರತೆಯಿಂದ ಬುದ್ಧಿಯೇ ಕೆಟ್ಟಿದ್ದ 14 ರೋಗಿಗಳ ವೃತ್ತಾಂತ ಬರೆದರು. ಥೈರಾಯ್ಡ್ ಔಷಧದಿಂದ ಅವರಲ್ಲಿ ಹೆಚ್ಚಿನವರು ಸುಧಾರಿಸಿದರು. ಈಗ ಕುರಿಯ ಹಂಗಿಲ್ಲ; ಲೆವೊಥೈರಾಕ್ಸಿನ್ ಎಂಬ ಗುಳಿಗೆ ಸಿಗುತ್ತದೆ. ನಿಜವಾದ ಕೊರತೆಯಿದ್ದವರಿಗೆ ಅದು ಬೇಕೇಬೇಕು.

ತೊಡಕಿರುವುದು ಅಲ್ಪ ಸ್ವಲ್ಪ ವ್ಯತ್ಯಾಸದಲ್ಲಿ. ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯನ್ನು ಗಿರಣಿಯ ಜಾಬರನೆಂದು ತಿಳಿಯಿರಿ. ಥೈರಾಯ್ಡ್ ಕೆಲಸದಲ್ಲಿ ಹಿಂದೆ ಬಿದ್ದರೆ ಅವನು ದನಿಯೇರಿಸುತ್ತಾನೆ. ಆ ದನಿಯೇ ರಕ್ತದ ಚೀಟಿಯಲ್ಲಿ ಕಾಣುವ ಟಿ.ಎಸ್.ಎಚ್. ವಯಸ್ಸಾದಂತೆ, ಕೆಲಸ ಸರಿಯಾಗಿಯೇ ನಡೆದಿದ್ದರೂ ಈ ದನಿ ತುಸು ಏರುವುದುಂಟು. (ಜಾಬರರ ಸ್ವಭಾವ ಬಲ್ಲವರಿಗೆ ಇದೇನೂ ಆಶ್ಚರ್ಯವಲ್ಲ!) ಹಾರ್ಮೋನು ಸರಿಯಿದ್ದು ಟಿ.ಎಸ್.ಎಚ್. ಮಾತ್ರ ಸ್ವಲ್ಪ ಹೆಚ್ಚಿದ್ದರೆ ಗುಳಿಗೆಯಿಂದ ಮನಸ್ಸು ಅರಳೀತೇ?

ಯುರೋಪಿನಲ್ಲಿ 65 ಮೀರಿದ ಇಂಥ 737 ಮಂದಿಯಲ್ಲಿ ಕೆಲವರಿಗೆ ನಿಜವಾದ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಗುಳಿಗೆ ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದ ನಂತರ ದಣಿವಿನಲ್ಲಿ ಉಭಯರಿಗೂ ವ್ಯತ್ಯಾಸವಿರಲಿಲ್ಲ. ಅವರಲ್ಲೇ 427 ಮಂದಿಯ ಖಿನ್ನತೆಯನ್ನು ಅಳೆದು 2021ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಗುಳಿಗೆಯಿಂದ ಲಾಭ ಕಾಣಲಿಲ್ಲ. ಇವರಲ್ಲಿ ಬಹುಮಂದಿಯ ಟಿ.ಎಸ್.ಎಚ್. 10ರ ಒಳಗಿತ್ತೆಂಬುದನ್ನು ಗಮನಿಸಬೇಕು. 10 ದಾಟಿದವರ ವಿಷಯ ಬೇರೆ. ಅದನ್ನು ವೈದ್ಯರೇ ತೂಗಿ ನೋಡುತ್ತಾರೆ.

"ತಿಂದರೆ ನಷ್ಟವೇನು?" ಎನ್ನುವವರುಂಟು. ನಷ್ಟವಿದೆ. ಪ್ರಮಾಣ ಮೀರಿದರೆ ನಿದ್ರೆ ಕೆಡುತ್ತದೆ, ಕಳವಳ ಹೆಚ್ಚುತ್ತದೆ, ಎದೆಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಮನಸ್ಸಿಗೆಂದು ಕೊಟ್ಟ ಗುಳಿಗೆ ಮನಸ್ಸನ್ನೇ ಕೆಡಿಸಿದಂತಾಯಿತು. ಅಷ್ಟರಲ್ಲಿ ನಿಜವಾದ ಖಿನ್ನತೆಗೆ, ಅದಕ್ಕೆ ಬೇರೆಯೇ ಚಿಕಿತ್ಸೆಯಿದ್ದರೂ, ಔಷಧವಿಲ್ಲದೆ ತಿಂಗಳುಗಳು ಕಳೆದುಹೋಗುತ್ತವೆ. ಆದುದರಿಂದ ತುಸು ಹೆಚ್ಚಿದ ಚೀಟಿ ಕಂಡೊಡನೆ ಅಂಗಡಿಗೆ ಓಡದೆ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ವೈದ್ಯರು ಗುಳಿಗೆ ಬರೆದುಕೊಟ್ಟರೆ ಅದನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ಕೊಡಬೇಕು; ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ತಡೆದು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ. ವೃದ್ಧರಿಗೆ ಅಲ್ಪ ಪ್ರಮಾಣದಿಂದ ಆರಂಭಿಸಿ, ಆರರಿಂದ ಎಂಟು ವಾರಕ್ಕೊಮ್ಮೆ ರಕ್ತ ನೋಡಿ ಏರಿಸುತ್ತಾರೆ. ಹಿರಿಯರು ಊರಿಗೆ ಹೊರಟಾಗ ಹಳೆಯ ಚೀಟಿಗಳೆಲ್ಲ ಅವರ ಚೀಲದಲ್ಲಿರಲಿ. ಒಂದೇ ಹೆಸರಿನ ಗುಳಿಗೆ 25, 50, 100 ಮೈಕ್ರೋಗ್ರಾಮಿನದು ದೊರೆಯುವುದರಿಂದ, ಪ್ರಮಾಣವನ್ನು ಕನ್ನಡದಲ್ಲಿ ದಪ್ಪಗೆ ಬರೆದು ಡಬ್ಬಿಗೆ ಅಂಟಿಸಿರಿ.