ಬೊಮ್ಮನಹಳ್ಳಿಯ ಬಿಸಿಲಿನಲ್ಲಿ ಕ್ಯಾಮೆರಾ

ಬೆಂಗಳೂರಿನ ಚಿತ್ರ ಎಂದೊಡನೆ ನಮಗೆ ನೆನಪಾಗುವುದು ವಿಧಾನಸೌಧ, ಲಾಲ್‌ಬಾಗಿನ ಗಾಜಿನ ಮನೆ, ಹೆಚ್ಚೆಂದರೆ ಗಾಂಧಿ ಬಜಾರಿನ ಹೂವಿನ ಸಾಲು. ಬೊಮ್ಮನಹಳ್ಳಿಯ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರು ಅಪರೂಪ. ಹೊಸೂರು ರಸ್ತೆಯ ಈ ಭಾಗ ಬಹುಮಂದಿಗೆ ಹಾದುಹೋಗುವ ಜಾಗವೇ ಹೊರತು ನಿಂತು ನೋಡುವ ಜಾಗವಲ್ಲ. ಆದರೆ ಬೀದಿ ಛಾಯಾಗ್ರಹಣದ ಗುಟ್ಟೆಲ್ಲ ಇರುವುದು ನಿಲ್ಲುವುದರಲ್ಲಿಯೇ.

ಇದಕ್ಕೆ ಛಾಯಾಗ್ರಹಣದಷ್ಟೇ ಹಳೆಯ ಸಾಕ್ಷಿಯೊಂದಿದೆ. 1838ರಲ್ಲಿ ಫ್ರಾನ್ಸಿನ ಲೂಯಿ ಡಾಗೇರ್ ಪ್ಯಾರಿಸಿನ ಬೀದಿಯೊಂದನ್ನು ಎತ್ತರದ ಕಿಟಕಿಯಿಂದ ಸೆರೆಹಿಡಿದ. ಅಂದಿನ ತಟ್ಟೆಯ ಮೇಲೆ ಚಿತ್ರ ಮೂಡಲು ಹಲವು ನಿಮಿಷ ಬೇಕಾಗುತ್ತಿತ್ತು. ಹಾಗಾಗಿ ಓಡಾಡುತ್ತಿದ್ದ ಜನ, ಗಾಡಿ ಎಲ್ಲ ಅಳಿಸಿಹೋದವು. ಉಳಿದವನು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದ ಒಬ್ಬಾತ. ಅವನ ಕಾಲ ಬಳಿ ಪಾಲಿಶ್ ಹಾಕುವವನದೊಂದು ಮಸುಕು ಆಕೃತಿ. 1925ರಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ ಛಾಯಾಗ್ರಾಹಕ ಅಂಗೈಯಗಲದ ಪೆಟ್ಟಿಗೆ ಹಿಡಿದು ಬೀದಿಗಿಳಿಯುವುದು ಸುಲಭವಾಯಿತು. ನಮ್ಮಲ್ಲಿ ಸಾಮಾನ್ಯರ ದಿನನಿತ್ಯದ ಬದುಕಿನತ್ತ ಕ್ಯಾಮೆರಾ ತಿರುಗಿಸಿದವರಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಪ್ರಮುಖರು. ತಮ್ಮ ಆತ್ಮಕಥೆಗೆ ಅವರು ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟರು.

ಆ ಕನ್ನಡಿಯನ್ನು ಬೊಮ್ಮನಹಳ್ಳಿಗೆ ಹಿಡಿಯಲು ಮಧ್ಯಾಹ್ನ ಯೋಗ್ಯ ಹೊತ್ತೇ? ಅಲ್ಲ ಎನ್ನುವವರೇ ಹೆಚ್ಚು. ನೆತ್ತಿಯ ಮೇಲಿನ ಬಿಸಿಲಿಗೆ ಹುಬ್ಬಿನ ನೆರಳು ಬಿದ್ದು ಕಣ್ಣುಗಳು ಗುಳಿಯಂತೆ ಕಾಣುತ್ತವೆ. ಏಪ್ರಿಲ್ 24 ಹಾಗೂ ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ನಡುಹಗಲಿಗೆ ಸರಿಯಾಗಿ ತಲೆಯ ಮೇಲೆಯೇ ಬಂದು, ನೆಟ್ಟಗೆ ನಿಂತ ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಆದರೆ 2010ರಲ್ಲಿ ತೆರೆದ, ಸುಮಾರು 10 ಕಿಲೋಮೀಟರ್ ಉದ್ದದ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಈ ರಸ್ತೆಗೆ ಬೇರೊಂದು ಬೆಳಕನ್ನೇ ತಂದಿದೆ. ಸೇತುವೆಯ ಕೆಳಗೆ ನೇರ ಬಿಸಿಲಿಲ್ಲ; ಸುತ್ತಲಿನ ಗೋಡೆಗಳಿಂದ, ರಸ್ತೆಯ ಧೂಳಿನಿಂದ ಪುಟಿದ ಮೆದು ಬೆಳಕು ಮುಖಗಳ ಮೇಲೆ ಬೀಳುತ್ತದೆ. ಆದರೆ ಅದು ಹೊರಗಿನ ಬಿಸಿಲಿಗಿಂತ ಹತ್ತಾರು ಪಾಲು ಕಡಿಮೆ. ಕ್ಯಾಮೆರಾದ ಅಳತೆಯನ್ನು ನೆರಳಿಗೆ ಹೊಂದಿಸಿದರೆ ಆಚೆಯ ರಸ್ತೆ ಬೆಳ್ಳಗಾಗಿ ಮಾಯವಾಗುತ್ತದೆ. ಬಿಸಿಲಿಗೆ ಹೊಂದಿಸಿದರೆ ಕೆಳಗಿನ ಮನುಷ್ಯ ಕಪ್ಪು ಆಕೃತಿಯಾಗುತ್ತಾನೆ. ಎರಡನ್ನೂ ಉಳಿಸಿಕೊಳ್ಳುವುದು ಕಷ್ಟ. ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದೇ ಇಲ್ಲಿಯ ಮೊದಲ ಪಾಠ.

ಎರಡನೆಯ ಪಾಠ ಇನ್ನೂ ಮುಖ್ಯವಾದುದು. ಮಧ್ಯಾಹ್ನದ ರಸ್ತೆಯಲ್ಲಿ ಎಳನೀರು ಕೊಚ್ಚುವವರು, ಚಹಾದ ಲೋಟ ಹಿಡಿದ ಆಟೋ ಚಾಲಕರು, ಬಸ್ಸಿಗೆ ಕಾದವರು ಸಿಗುತ್ತಾರೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಮೆಟ್ರೋ ಹಳದಿ ಮಾರ್ಗದ ಬೊಮ್ಮನಹಳ್ಳಿ ನಿಲ್ದಾಣದಿಂದ ಇಳಿದುಬರುವವರೂ ಸಿಗುತ್ತಾರೆ. ಆದರೆ 2007ರವರೆಗೆ ಪ್ರತ್ಯೇಕ ನಗರಸಭೆಯಾಗಿದ್ದ ಈ ಊರನ್ನು ಬೆಳೆಸಿದ ದೊಡ್ಡದೊಂದು ಸಮೂಹ ಆ ಹೊತ್ತಿಗೆ ಬೀದಿಯಲ್ಲಿ ಇರುವುದೇ ಇಲ್ಲ. ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಗೋಡೆಯ ಒಳಗೆ ಹೊಲಿಗೆ ಯಂತ್ರದ ಮುಂದೆ ಕುಳಿತಿರುತ್ತಾರೆ. ಹೊರಗೆ ಕಾಣುವುದು ಮುಚ್ಚಿದ ಗೇಟು, ಅದರ ಮುಂದಿನ ಬಿಸಿಲು. ಬೀದಿಯಲ್ಲಿ ಯಾರಿದ್ದಾರೆ ಎನ್ನುವಷ್ಟೇ ಯಾರಿಲ್ಲ ಎಂಬುದನ್ನೂ ಗಮನಿಸದಿದ್ದರೆ ನಮ್ಮ ಚಿತ್ರ ಡಾಗೇರನ ತಟ್ಟೆಯಂತೆಯೇ ಅರ್ಧ ಸತ್ಯವಾಗುತ್ತದೆ.

ಒಮ್ಮೆ ಈ ಗೇಟುಗಳು ಹಗಲಿನಲ್ಲೇ ತೆರೆದವು. ಭವಿಷ್ಯನಿಧಿಗೆ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ಪಡೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ 2016ರ ಏಪ್ರಿಲ್ 18ರಂದು ಸಾವಿರಾರು ಕಾರ್ಮಿಕರು, ಅವರಲ್ಲಿ ಬಹುಪಾಲು ಮಹಿಳೆಯರು, ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಗಿಳಿದರು. ಹಾದುಹೋಗುವ ಊರು ಅಂದು ನಿಂತೇಬಿಟ್ಟಿತು. ಮರುದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಅವರ ಮುಖಗಳು ಪತ್ರಿಕೆಗಳಲ್ಲಿ ಅಚ್ಚಾದದ್ದು ಆಗ. ಆದರೆ ಕಲ್ಲು, ಲಾಠಿ, ಹೊಗೆಯ ನಡುವೆ ಮಾತ್ರ ಕಾಣಿಸಿಕೊಂಡವರ ಉಳಿದ ದಿನಗಳ ಬದುಕಿಗೆ ಸಾಕ್ಷಿ ಎಲ್ಲಿದೆ? ಅದನ್ನು ಒದಗಿಸುವ ಕೆಲಸ, ಯಾವ ಸುದ್ದಿಯೂ ಇಲ್ಲದ ದಿನ ಬಂದು ನಿಲ್ಲುವ ಬೀದಿ ಛಾಯಾಗ್ರಾಹಕನದು.

ಹಾಗೆಂದು ಕಂಡವರೆಲ್ಲರ ಮುಖ ನಮ್ಮ ಸೊತ್ತಲ್ಲ. ಸಾರ್ವಜನಿಕ ಬೀದಿಯಲ್ಲಿ ಚಿತ್ರ ತೆಗೆಯುವುದನ್ನು ಒಟ್ಟಾರೆಯಾಗಿ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ, ನಿಜ. ಆದರೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ. ಕಾನೂನಿಗಿಂತ ಮೊದಲು ಮರ್ಯಾದೆಯ ಪ್ರಶ್ನೆಯೂ ಇದೆ. ‘ಅಕ್ಕಾ, ಒಂದು ಫೋಟೋ ತೆಗೀಲಾ?’ ಎಂದು ಕೇಳುವುದಕ್ಕೆ ಹೆಚ್ಚು ಹೊತ್ತೇನೂ ಬೇಡ.

ಸಂಜೆ ಗೇಟು ತೆರೆಯುತ್ತದೆ. ಊಟದ ಡಬ್ಬಿಯ ಚೀಲ ಹೆಗಲಿಗೇರಿಸಿ, ಬಸ್ಸು ತಪ್ಪೀತೆಂದು ಬಿರಬಿರನೆ ನಡೆಯುವ ಹೆಣ್ಣುಮಕ್ಕಳಿಂದ ರಸ್ತೆ ತುಂಬುತ್ತದೆ. ಓರೆ ಬಿಸಿಲು ಆ ಹೊತ್ತಿಗೆ ಮುಖಗಳಿಗೆ ಹೊಂಬಣ್ಣ ಬಳಿದಿರುತ್ತದೆ. ಕೇಳಿದರೆ ಒಬ್ಬಾಕೆ ನಕ್ಕು ನಿಲ್ಲಬಹುದು. ಇನ್ನೊಬ್ಬಾಕೆ ಬೇಡವೆಂದು ಕೈಯಾಡಿಸಬಹುದು. ನಿಂತವಳ ಚಿತ್ರ ತೆಗೆಯೋಣ. ಬೇಡವೆಂದವಳಿಗೆ ದಾರಿ ಬಿಡೋಣ. ದಿನವೆಲ್ಲ ಮತ್ತೊಬ್ಬರ ಲೆಕ್ಕಕ್ಕೆ ದುಡಿದವಳಿಗೆ ಆ ‘ಬೇಡ’ ಎನ್ನುವ ಹಕ್ಕಾದರೂ ಉಳಿಯಬೇಕು.