ಬಾಯಿ ಹುಣ್ಣು: ಕಾರಣ, ಚಿಕಿತ್ಸೆ ಮತ್ತು ಎಚ್ಚರಿಕೆ

ಬಾಯಿ ಹುಣ್ಣು ಎಲ್ಲ ವಯಸ್ಸಿನವರನ್ನೂ ಕಾಡುವ ತೊಂದರೆ. ಗಾತ್ರದಲ್ಲಿ ಸಾಸಿವೆ ಕಾಳಿನಷ್ಟಿದ್ದರೂ ಅದು ಉಂಟುಮಾಡುವ ನೋವು ಸಣ್ಣದಲ್ಲ. ಸಾರಿನ ಹುಳಿ, ಉಪ್ಪಿನಕಾಯಿಯ ಖಾರ ತಾಗಿದೊಡನೆ ಉರಿ ಏಳುತ್ತದೆ, ಮಾತನಾಡುವುದೂ ಕಷ್ಟವಾಗುತ್ತದೆ. ‘ಮೈಯಲ್ಲಿ ಉಷ್ಣ ಹೆಚ್ಚಾಗಿದೆ’ ಎಂದು ಭಾವಿಸಿ ಸುಮ್ಮನಿರುವುದು ಸಾಮಾನ್ಯ ರೂಢಿ. ಬಹುಪಾಲು ಹುಣ್ಣುಗಳು ತಾವಾಗಿಯೇ ಮಾಯುವುದರಿಂದ ಇದರಿಂದ ಹೆಚ್ಚಿನ ಹಾನಿಯಾಗುವುದಿಲ್ಲ. ಆದರೆ ಕೆಲವು ಹುಣ್ಣುಗಳು ಗಂಭೀರ ರೋಗದ ಮೊದಲ ಸೂಚನೆಯಾಗಿರುತ್ತವೆ. ಇವೆರಡರ ನಡುವಣ ವ್ಯತ್ಯಾಸವನ್ನು ಪ್ರತಿಯೊಬ್ಬರೂ ಅರಿತಿರುವುದು ಅವಶ್ಯಕ.

ಹುಣ್ಣಿನ ಸ್ವರೂಪ

ಬಾಯಿಯ ಒಳಭಾಗವನ್ನು ತೆಳುವಾದ ಲೋಳೆಪೊರೆಯು ಆವರಿಸಿರುತ್ತದೆ. ಈ ಪೊರೆಯ ಮೇಲ್ಪದರವು ಕಳಚಿಹೋದಾಗ ಹುಣ್ಣಾಗುತ್ತದೆ. ಕೆಳಗಿನ ನರತುದಿಗಳಿಗೆ ಹೊದಿಕೆ ಇಲ್ಲದಂತಾಗುವುದರಿಂದ ನೋವು ತೀವ್ರವಾಗಿರುತ್ತದೆ.

ಪದೇ ಪದೇ ಕಾಣಿಸಿಕೊಳ್ಳುವ ಸಾಮಾನ್ಯ ಹುಣ್ಣನ್ನು ವೈದ್ಯರು ‘ಆಫ್ಥಸ್ ಹುಣ್ಣು’ ಎಂದು ಕರೆಯುತ್ತಾರೆ. ಇದು ದುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿದ್ದು, ನಡುವೆ ಬಿಳಿ ಅಥವಾ ಹಳದಿ ಬಣ್ಣವನ್ನೂ ಸುತ್ತಲೂ ಕೆಂಪು ಅಂಚನ್ನೂ ಹೊಂದಿರುತ್ತದೆ. ತುಟಿ ಮತ್ತು ಕೆನ್ನೆಯ ಒಳಮೈ, ನಾಲಿಗೆಯ ಅಂಚು ಹಾಗೂ ಅಡಿಭಾಗಗಳಲ್ಲಿ ಇದು ಹೆಚ್ಚಾಗಿ ಏಳುತ್ತದೆ. 10 ಮಿಲಿಮೀಟರಿಗಿಂತ ಚಿಕ್ಕದಾದ ಹುಣ್ಣು ಸಾಮಾನ್ಯವಾಗಿ 7ರಿಂದ 14 ದಿನಗಳಲ್ಲಿ ಕಲೆ ಉಳಿಸದೆ ಮಾಯುತ್ತದೆ. ಅದಕ್ಕಿಂತ ದೊಡ್ಡದಾದುದು ಮಾಯಲು ಹಲವು ವಾರಗಳೇ ಹಿಡಿಯಬಹುದು; ಅದಕ್ಕೆ ವೈದ್ಯರ ಚಿಕಿತ್ಸೆ ಬೇಕು.

ಆಫ್ಥಸ್ ಹುಣ್ಣು ಸಾಂಕ್ರಾಮಿಕವಲ್ಲ. ತುಟಿಯ ಹೊರಭಾಗದಲ್ಲಿ ಗುಂಪಾಗಿ ಏಳುವ ನೀರುಗುಳ್ಳೆಗಳು ಬೇರೆಯವು. ಅವು ಹರ್ಪಿಸ್ ಎಂಬ ವೈರಸ್‌ನಿಂದ ಉಂಟಾಗಿ, ಒಬ್ಬರಿಂದ ಒಬ್ಬರಿಗೆ ಹರಡುತ್ತವೆ.

ಕಾರಣಗಳು

ಆಫ್ಥಸ್ ಹುಣ್ಣಿಗೆ ಇಂಥದೇ ಒಂದು ಕಾರಣವೆಂದು ಹೇಳಲಾಗದು. ಊಟ ಮಾಡುವಾಗ ಕೆನ್ನೆ ಕಚ್ಚಿಕೊಳ್ಳುವುದು, ಗಡುಸಾದ ಬ್ರಷ್, ಮಾನಸಿಕ ಒತ್ತಡ, ನಿದ್ರೆಗೇಡು ಮುಂತಾದವು ಅದಕ್ಕೆ ದಾರಿಮಾಡುತ್ತವೆ. ಕೆಲವು ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿಯೂ ಕಂಡುಬರುತ್ತದೆ. ಮೊನಚಾದ ಹಲ್ಲು ಅಥವಾ ಸರಿಯಾಗಿ ಕೂರದ ಹಲ್ಲಿನ ಸೆಟ್ಟು ಉಜ್ಜುತ್ತಿದ್ದರೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಗಾಯವಾಗುತ್ತದೆ.

ಕಬ್ಬಿಣಾಂಶ, ಫೋಲಿಕ್ ಆಮ್ಲ ಹಾಗೂ ಬಿ-12 ಜೀವಸತ್ವದ ಕೊರತೆಯೂ ಒಂದು ಕಾರಣ. ಬಿ-12 ಮುಖ್ಯವಾಗಿ ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ದೊರೆಯುವುದರಿಂದ ಕಟ್ಟುನಿಟ್ಟಾದ ಸಸ್ಯಾಹಾರಿಗಳು ಇದನ್ನು ಗಮನಿಸಬೇಕು. ವರ್ಷದಲ್ಲಿ ಹಲವು ಬಾರಿ ಹುಣ್ಣಾಗುವವರು ಅಂಗಡಿಯಿಂದ ಬಿ-ಕಾಂಪ್ಲೆಕ್ಸ್ ಮಾತ್ರೆ ತಂದು ನುಂಗುವುದಕ್ಕಿಂತ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಮೆಥೊಟ್ರೆಕ್ಸೇಟ್‌ನಂತಹ ಕೆಲವು ಔಷಧಿಗಳಿಂದಲೂ ಹುಣ್ಣಾಗುವುದುಂಟು. ಅಂತಹ ಸಂದರ್ಭದಲ್ಲಿ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಚಿಕಿತ್ಸೆ

ಸಾಮಾನ್ಯ ಹುಣ್ಣಿನ ಚಿಕಿತ್ಸೆಯ ಉದ್ದೇಶ ನೋವನ್ನು ತಗ್ಗಿಸುವುದು ಮತ್ತು ಸೋಂಕು ತಗಲದಂತೆ ನೋಡಿಕೊಳ್ಳುವುದು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ, ದಿನಕ್ಕೆ ಮೂರು ನಾಲ್ಕು ಸಲ ಬಾಯಿ ಮುಕ್ಕಳಿಸಬೇಕು. ಮೊಸರನ್ನ, ಗಂಜಿ, ಮೆದುವಾದ ಇಡ್ಲಿಯಂತಹ ಆಹಾರ ಹಿತಕರ. ಖಾರ, ಹುಳಿ, ಅತಿ ಬಿಸಿ ಪದಾರ್ಥಗಳನ್ನು ಕೆಲವು ದಿನ ವರ್ಜಿಸಬೇಕು. ನೋವು ಹೆಚ್ಚಾಗಿದ್ದರೆ ವೈದ್ಯರು ಮರಗಟ್ಟಿಸುವ ಜೆಲ್, ಕ್ಲೋರ್‌ಹೆಕ್ಸಿಡಿನ್ ದ್ರಾವಣ ಅಥವಾ ಸ್ಟೀರಾಯ್ಡ್ ಲೇಪನವನ್ನು ಸೂಚಿಸುತ್ತಾರೆ.

ಹುಣ್ಣಿನ ಮೇಲೆ ಆಸ್ಪಿರಿನ್ ಮಾತ್ರೆ ಅಥವಾ ಸುಣ್ಣ ಇಡುವುದರಿಂದ ಪೊರೆ ಸುಟ್ಟು ಗಾಯ ದೊಡ್ಡದಾಗುತ್ತದೆ. ಒಂದು ವರ್ಷ ತುಂಬದ ಮಕ್ಕಳ ಬಾಯಿಗೆ ಜೇನುತುಪ್ಪ ಸವರಬಾರದು.

ಎರಡು ವಾರದ ಎಚ್ಚರಿಕೆ

ಎರಡು ವಾರ ಕಳೆದರೂ ಮಾಯದ ಹುಣ್ಣನ್ನು ತಪ್ಪದೆ ವೈದ್ಯರಿಗೆ ಅಥವಾ ದಂತವೈದ್ಯರಿಗೆ ತೋರಿಸಬೇಕು. ನೋವಿಲ್ಲವೆಂಬ ಕಾರಣಕ್ಕೆ ಇದನ್ನು ಮುಂದೂಡುವುದು ಅಪಾಯಕರ. ಆಫ್ಥಸ್ ಹುಣ್ಣು ನೋಯುತ್ತದೆ, ಆದರೆ ಮಾಯುತ್ತದೆ. ಕ್ಯಾನ್ಸರ್ ಹುಣ್ಣು ಆರಂಭದಲ್ಲಿ ನೋಯದೇ ಇರಬಹುದು, ಆದರೆ ತಾನಾಗಿ ಮಾಯುವುದಿಲ್ಲ.

ಹುಣ್ಣಿನ ಅಂಚು ಗಟ್ಟಿಯಾಗುವುದು, ಮುಟ್ಟಿದರೆ ರಕ್ತ ಬರುವುದು, ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಮೂಡುವುದು, ಕಾರಣವಿಲ್ಲದೆ ಹಲ್ಲು ಅಲುಗಾಡುವುದು, ಕುತ್ತಿಗೆಯಲ್ಲಿ ಗಂಟು ಕಾಣಿಸುವುದು, ಬಾಯಿಯನ್ನು ಪೂರ್ತಿ ತೆರೆಯಲಾಗದಿರುವುದು – ಇವು ವಿಶೇಷವಾಗಿ ಗಮನಿಸಬೇಕಾದ ಲಕ್ಷಣಗಳು.

ಭಾರತದಲ್ಲಿ ಪುರುಷರಿಗೆ ತಗಲುವ ಕ್ಯಾನ್ಸರುಗಳಲ್ಲಿ ಬಾಯಿಯ ಕ್ಯಾನ್ಸರ್ ಮುಂಚೂಣಿಯಲ್ಲಿದೆ. ಹೊಗೆಸೊಪ್ಪು, ಗುಟ್ಕಾ, ಬೀಡಿ, ಸಿಗರೇಟು ಹಾಗೂ ಮದ್ಯಪಾನ ಇದರ ಪ್ರಮುಖ ಕಾರಣಗಳು. ಹೊಗೆಸೊಪ್ಪು ಸೇರಿಸದ ಅಡಿಕೆಯೂ ನಿರಪಾಯಕಾರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಸಂಶಯವಿದ್ದಾಗ ವೈದ್ಯರು ಹುಣ್ಣಿನ ಚಿಕ್ಕದೊಂದು ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಇದಕ್ಕೆ ಬಯಾಪ್ಸಿ ಎಂದು ಹೆಸರು. ‘ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಭಯದಿಂದ ಅನೇಕರು ಈ ಪರೀಕ್ಷೆಗೆ ಒಪ್ಪುವುದಿಲ್ಲ. ಈ ಭಯಕ್ಕೆ ಆಧಾರವಿಲ್ಲ. ಪರೀಕ್ಷೆಯನ್ನು ತಡಮಾಡುವುದೇ ನಿಜವಾದ ಅಪಾಯ. ಆರಂಭದಲ್ಲೇ ಪತ್ತೆಯಾದ ಬಾಯಿಯ ಕ್ಯಾನ್ಸರನ್ನು ಬಹುಮಟ್ಟಿಗೆ ಗುಣಪಡಿಸಬಹುದು.

ಲಭ್ಯವಿರುವ ನೆರವು

30 ವರ್ಷ ದಾಟಿದವರ ಬಾಯಿಯ ತಪಾಸಣೆ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದ ಒಂದು ಭಾಗ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಇದನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ತಂಬಾಕು ತ್ಯಜಿಸಲು ಇಚ್ಛಿಸುವವರು 1800-11-2356 ಸಂಖ್ಯೆಗೆ ಶುಲ್ಕವಿಲ್ಲದೆ ದೂರವಾಣಿ ಕರೆ ಮಾಡಬಹುದು. ಮುಂಬಯಿ, ಪುಣೆ, ದೆಹಲಿಯಂತಹ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು, ಸ್ಥಳೀಯ ಭಾಷೆಯಲ್ಲಿ ರೋಗವನ್ನು ವಿವರಿಸುವುದು ಕಷ್ಟವೆನಿಸಿದರೆ, ಆ ಭಾಷೆ ಬಲ್ಲ ಬಂಧುಗಳನ್ನೋ ನೆರೆಯವರನ್ನೋ ಜೊತೆಗೆ ಕರೆದೊಯ್ಯಬೇಕೇ ಹೊರತು ಪರೀಕ್ಷೆಯನ್ನು ಊರಿಗೆ ಹೋಗುವ ರಜೆಯವರೆಗೆ ತಳ್ಳಬಾರದು.

ತಿಂಗಳಿಗೊಮ್ಮೆ ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು ತುಟಿ, ಕೆನ್ನೆ, ಒಸಡು, ಅಂಗುಳು, ನಾಲಿಗೆಯ ಮೇಲೆ ಕೆಳಗೆ ನೋಡಿಕೊಳ್ಳುವುದು ಉತ್ತಮ ಅಭ್ಯಾಸ. ಹುಣ್ಣು ಕಂಡ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಂಡರೆ ಎರಡು ವಾರದ ಗಡುವು ಮರೆತುಹೋಗುವುದಿಲ್ಲ.