ಸೀರೆಯ ಪೋಚಂಪಲ್ಲಿ, ಮೂಳೆಯ ಪೋಚಂಪಲ್ಲಿ

ಸೊಲ್ಲಾಪುರದಲ್ಲಿ ನಲವತ್ತು ವರ್ಷಗಳಿಂದ ಸೀರೆ ವ್ಯಾಪಾರ ಮಾಡಿಕೊಂಡಿರುವ ನನಗೆ ಪೋಚಂಪಲ್ಲಿ ಎಂದರೆ ಹೈದರಾಬಾದಿನ ಹತ್ತಿರದ ಇಕತ್ ಸೀರೆಯ ಊರು, ಅಷ್ಟೇ. ಅದೇ ಹೆಸರಿನ ಇನ್ನೊಂದು ಹಳ್ಳಿಯಲ್ಲಿ ಕೋಟ್ಯಂತರ ವರ್ಷ ಹಳೆಯ ಮೂಳೆಗಳು ಸಿಕ್ಕಿವೆ ಎಂಬುದು ತಿಳಿದದ್ದು ಮೊಮ್ಮಗನಿಂದಾಗಿ.

ಒಂದು ಸಂಜೆ ಅಂಗಡಿಯಲ್ಲಿ ಕುಳಿತು ಡೈನೋಸಾರ್ ಪುಸ್ತಕ ನೋಡುತ್ತ, "ಅಜ್ಜಾ, ಇವು ನಮ್ಮ ದೇಶದಾಗ ಇದ್ದಿದ್ದಿಲ್ಲೇನು?" ಎಂದು ಕೇಳಿದ. ಗಿರಾಕಿಗಳ ಗದ್ದಲದಲ್ಲಿ, "ಅವೆಲ್ಲಾ ಅಮೆರಿಕಾದ ಪ್ರಾಣಿ, ಬಿಡಪಾ" ಎಂದುಬಿಟ್ಟೆ. ಶಾಲೆಯಲ್ಲಿ ಅದನ್ನೇ ಹೇಳಿ ಪೆಚ್ಚುಮೋರೆ ಹಾಕಿಕೊಂಡು ಬಂದ. ಗೊತ್ತಿಲ್ಲದ್ದನ್ನು ಗೊತ್ತಿದ್ದವರಂತೆ ಹೇಳಿದ ತಪ್ಪು ನನ್ನದು. ಅಂದಿನಿಂದ ಈ ವಿಷಯ ಓದತೊಡಗಿದೆ.

ಪ್ರಾಣಹಿತಾ ನದಿ ಗೋದಾವರಿಯನ್ನು ಕೂಡುವ ಸಿರೋಂಚಾ ಸೀಮೆಯ ಕಲ್ಲುಪದರಗಳು ಜುರಾಸಿಕ್ ಯುಗದ ಆರಂಭದವು. ಅಂದರೆ ಸುಮಾರು 18 ಕೋಟಿ ವರ್ಷ ಹಿಂದಿನವು. ಅಲ್ಲಿಯ ಕೋಟಾ ಗ್ರಾಮದ ಸುಣ್ಣಕಲ್ಲಿನಲ್ಲಿ 19ನೇ ಶತಮಾನದಲ್ಲೇ ಮೀನಿನ ಪಳೆಯುಳಿಕೆ ದೊರೆತಿದ್ದವು. ಮುಂದೆ ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು ಪೋಚಂಪಲ್ಲಿ ಬಳಿ ಸುಮಾರು 300 ಮೂಳೆಗಳನ್ನು ಹೊರತೆಗೆದರು. ಲೆಕ್ಕದ ಸಂಸ್ಥೆಗೆ ಮೂಳೆಯ ಉಸಾಬರಿ ಏಕೆ ಎನ್ನಬಹುದು. ಅದರ ಸ್ಥಾಪಕ ಪ್ರಶಾಂತಚಂದ್ರ ಮಹಲನೋಬಿಸ್ ಅವರಿಗೆ ಎಲ್ಲ ವಿಜ್ಞಾನಗಳೂ ಬೇಕಾಗಿದ್ದವು.

ಆ ಮೂಳೆಗಳು ಕನಿಷ್ಠ ಆರು ಪ್ರಾಣಿಗಳವು. ಜೊತೆಗೆ ಕಲ್ಲಾದ ಮರದ ದಿಮ್ಮಿಗಳೂ ಇದ್ದವು. ನೆರೆಯಲ್ಲಿ ಹಿಂಡು ಕೊಚ್ಚಿಹೋಗಿರಬೇಕೆಂದು ಪಂಡಿತರ ಊಹೆ. ಮರಳು ಕೆಸರು ಮುಚ್ಚಿಕೊಂಡ ಮೇಲೆ ನೀರಿನಲ್ಲಿ ಕರಗಿದ ಖನಿಜಗಳು ಮೂಳೆಯೊಳಗೆ ಸೇರಿ ಅದನ್ನು ಕಲ್ಲಾಗಿಸಿದವು.

ತೊಡೆಯ ಒಂದು ಮೂಳೆಯೇ 1.7 ಮೀಟರ್, ಒಬ್ಬ ಆಳಿನೆತ್ತರ! ಪ್ರಾಣಿಯ ಉದ್ದ ಸುಮಾರು 14 ಮೀಟರ್. ನಮ್ಮ ಲೆಕ್ಕದಲ್ಲಿ ಎರಡೂವರೆ ಸೀರೆ. 1975ರಲ್ಲಿ ಎಸ್. ಎಲ್. ಜೈನ್ ಮತ್ತು ಸಂಗಡಿಗರು ಅದಕ್ಕೆ 'ಬರಾಪಾಸಾರಸ್ ಟಾಗೋರೈ' ಎಂದು ಹೆಸರಿಟ್ಟರು. ಬಂಗಾಲಿಯಲ್ಲಿ 'ಬರಾ ಪಾ' ಎಂದರೆ ದೊಡ್ಡ ಕಾಲು. 1961 ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ವರ್ಷ. ಹೆಸರಿನ ಎರಡನೆಯ ಭಾಗ ಅವರ ಗೌರವಕ್ಕೆ. ಇಷ್ಟು ದೊಡ್ಡ ದೇಹವಾದರೂ ಅದರ ಆಹಾರ ಬರೀ ಸೊಪ್ಪು ಎಂದು ಹಲ್ಲುಗಳೇ ಸಾರುತ್ತವೆ.

ಕಳೆದ ಬಾರಿ ಖರೀದಿಗೆ ಹೈದರಾಬಾದಿಗೆ ಹೋದಾಗ ಮೊಮ್ಮಗನನ್ನು ಕರೆದುಕೊಂಡು ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಹೋದೆ. ಅಲ್ಲಿ ಅದೇ ಕಾಲದ ಕೋಟಾಸಾರಸ್ ನಿಂತಿದೆ. ಯಮನಪಲ್ಲಿ ಗ್ರಾಮದ ಬಳಿ ಸಿಕ್ಕ ಇದನ್ನು ಭೂವೈಜ್ಞಾನಿಕ ಸರ್ವೇಕ್ಷಣೆಯ ಪಿ. ಯಾದಗಿರಿ ಅವರು 1988ರಲ್ಲಿ ವರ್ಣಿಸಿದರು. ಉದ್ದ ಸುಮಾರು 9 ಮೀಟರ್.

"ಅಜ್ಜಾ, ನಮ್ಮೂರ ಬಾವಿ ತೋಡಿದರ ಇವು ಸಿಗೂದಿಲ್ಲೇನು?" ಎಂದ ಹುಡುಗ. ಈ ಸಲ ಓದಿಕೊಂಡೇ ಉತ್ತರ ಕೊಟ್ಟೆ. ಸೊಲ್ಲಾಪುರದ ಕರಿಗಲ್ಲು ಸುಮಾರು 6.6 ಕೋಟಿ ವರ್ಷ ಹಿಂದೆ ಉಕ್ಕಿ ಹರಿದ ಲಾವಾ. ಈ ಪ್ರಾಣಿಗಳು ಅಳಿದು ಎಷ್ಟೋ ಕಾಲದ ಮೇಲೆ ಬಂದದ್ದು.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಹಿಡಿಸಿತು. ಈ ಎರಡೂ ಪ್ರಾಣಿಗಳ ಪೂರ್ತಿ ತಲೆಬುರುಡೆ ಸಿಕ್ಕಿಲ್ಲ. ತೆಳುವಾದ ಬುರುಡೆ ಬೇಗ ಕಳಚಿಹೋಗುತ್ತದೆ. ಸಿಕ್ಕಿಲ್ಲ ಎಂದು ವಿಜ್ಞಾನಿಗಳು ತಮ್ಮ ಬರಹದಲ್ಲಿ ಸ್ಪಷ್ಟವಾಗಿ ದಾಖಲಿಸಿದ್ದಾರೆ. ಕೈಗೆ ಬಂದದ್ದಷ್ಟೇ ಜಮೆ, ಬಾರದ್ದು ಬಾಕಿ. ಖಾತೆಕಿರ್ದಿಯ ನೀತಿಯೂ ಇದೇ ಅಲ್ಲವೇ?

ಸಮಾಜ ಬಾಂಧವರೇ, ಕುಲಪಾಕಜಿ ದರ್ಶನಕ್ಕೋ ವ್ಯಾಪಾರಕ್ಕೋ ಹೈದರಾಬಾದಿಗೆ ಹೋದರೆ ಅರ್ಧ ದಿನ ಮಕ್ಕಳಿಗಾಗಿ ಇಟ್ಟುಕೊಳ್ಳಿ. ಅವರು ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ, "ಗೊತ್ತಿಲ್ಲಪಾ, ಕೂಡಿ ನೋಡೋಣು" ಎನ್ನಿ. ನನಗೆ ಆ ಮಾತು ಹೇಳಲು ಅರವತ್ತು ದಾಟಬೇಕಾಯಿತು.